ಕಮಾನು ಹತ್ತದ ಮನೋರಂಜಿನಿ

ಕ್ಯಾತ್ಸಂದ್ರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ಏನು ಕೈಗೆ ಸಿಕ್ಕಿದರೂ ಕಣ್ಣು ಮುಚ್ಚಿ ಮೂಸುತ್ತಿದ್ದರು, ಕೊತ್ತಂಬರಿ ಕಟ್ಟಾಗಲಿ, ಒಣಗಿದ ಸೀರೆಯಾಗಲಿ. ಗಿಡದ ಮಾತು ಬಂದರೆ, "ಅದ್ಕೂ ಒಂದ್ ಮನ್ಸೈತೆ ಕಣಪ್ಪ" ಅನ್ನುತ್ತಿದ್ದರು.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ವೆಲ್ಡಿಂಗ್ ಹಿಡಿದವನು. ಗುಬ್ಬಿಯಿಂದ ಕುಣಿಗಲ್‌ವರೆಗೆ ನನ್ನ ಗೇಟುಗಳಿವೆ. ಮನೆ ಮುಂದೆ ಮನೋರಂಜಿನಿ ಬಳ್ಳಿ ನೆಟ್ಟಾಗ ಅದಕ್ಕೊಂದು ಕಬ್ಬಿಣದ ಕಮಾನು ಮಾಡಿ ನಿಲ್ಲಿಸಿದೆ. ಬಳ್ಳಿ ಹಬ್ಬಿದ ಕಮಾನನ್ನು ಬೀದಿಯೆಲ್ಲ ನಿಂತು ನೋಡಬೇಕು, ಅದೇ ನನ್ನ ಆಸೆ. ಬಳ್ಳಿ ಕಮಾನಿನ ಕಡೆ ತಿರುಗಿಯೂ ನೋಡಲಿಲ್ಲ. ಕಾಂಪೌಂಡ್ ದಾಟಿ ಅಕ್ಕನ ನುಗ್ಗೆಮರ ಹತ್ತಿ, ಅಲ್ಲೇ ಹೂ ಬಿಟ್ಟಿತು.

ಕತ್ತರಿ ಹಿಡಿದು ಹೋದೆ. "ಬಳ್ಳೀನ ಬಿಡಿಸ್ಕೊಂಡು ನಮ್ ಕಡೆ ಎಳ್ಕೋತೀನಕ್ಕ."

"ಎಳ್ಕೊಂಡೋಗಪ್ಪ, ನಿಂದೇ ತಾನೆ. ಆದ್ರೆ ಬಿಸ್ಲಲ್ಲಿ ಕಾದ ಕಬ್ಬಿಣನ ನೀನಾದ್ರೂ ತಬ್ಕೋತೀಯಾ?" ಎಂದು, ಹಳದಿಗೆ ತಿರುಗಿದ ಹೂವೊಂದನ್ನು ಕೈಗಿಟ್ಟರು. "ಯಾವ್ದಾದ್ರೂ ಹಣ್ಣು ನೆನುಸ್ಕೊಂಡು ಮೂಸು. ಅದೇ ವಾಸ್ನೆ ಬರುತ್ತೆ."

ಹಲಸು ನೆನೆದೆ, ಹಲಸೇ ಬಂತು. ಬಾಳೆ ನೆನೆದೆ, ಬಾಳೆಯೂ ಬಂತು. ತಲೆ ಎತ್ತಿದರೆ, ಬಳ್ಳಿಯ ಭಾರಕ್ಕೆ ನುಗ್ಗೆಯ ಕೊಂಬೆ ಮುರಿಯುವ ಹಾಗೆ ಬಾಗಿತ್ತು.

ಮರುದಿನ ಕಮಾನನ್ನೇ ಕಿತ್ತು ಹೊತ್ತುಕೊಂಡು ಹೋಗಿ ಆ ಕೊಂಬೆಗೆ ಆಸರೆ ಕೊಟ್ಟೆ. ದಾರಿಹೋಕರು ನಿಂತು, "ಚೆನ್ನಾಗೈತಲ್ಲಕ್ಕ, ಏನಿದು?" ಎಂದು ಕೇಳುತ್ತಿದ್ದರು.

"ನುಗ್ಗೆಮರದ ಊರುಗೋಲು. ಪಕ್ಕದ್ಮನೆ ಹುಡ್ಗ ಮಾಡ್ಕೊಟ್ಟ."

ಐವತ್ತು ದಾಟಿದ ಆ ಹುಡುಗ ತನ್ನ ಗೇಟಿನ ಹಿಂದೆ ನಿಂತು ಎದೆ ಉಬ್ಬಿಸುತ್ತಿದ್ದ.