ಸುಣ್ಣದ ಪುಡಿ ಮೇಲೆ ಬೆಕ್ಕಿನ ಹೆಜ್ಜೆ

ಆ ಕಾಡುಬೆಕ್ಕನ್ನ ಕಂಡ್ರೆ ನಂಗೆ ಈಗ್ಲೂ ಆಗಲ್ಲ. ಮೊದ್ಲೇ ಹೇಳ್ಬಿಡ್ತೀನಿ. ಫೋನಲ್ಲಿ ಟೈಪ್ ಮಾಡೋದು ಈಗ ತಾನೇ ಕಲ್ತಿದೀನಿ. ಕಲ್ತಿದ್ದಕ್ಕೆ ಮೊದ್ಲು ಅದನ್ನೇ ಬೈಯೋಣ ಅಂತ ಕೂತಿದೀನಿ.

ನಮ್ದು ಹುತ್ತೂರ್ ಕಡೆ. ನನ್ ಮನೆಗೂ ನನ್ ವಾರಗಿತ್ತಿ ಮನೆಗೂ ಮಧ್ಯೆ ಒಂದೇ ಗೋಡೆ. ನಾನು ಕೋಳಿ ಸಾಕ್ತೀನಿ, ಅವ್ಳು ರೇಷ್ಮೆ ಹುಳ. ಹಿಂದ್ಗಡೆ ಇಬ್ರ ತೋಟದ ನಡುವೆ ಒಂದು ಬದು, ಅದ್ರ ತುಂಬ ಲಂಟಾನ ಪೊದೆ. ಬೆಕ್ಕು ಇರೋದು ಅಲ್ಲೇ. ಉದ್ದ ಕಾಲು, ಮೋಟು ಬಾಲ, ಯಾರನ್ನೂ ಲೆಕ್ಕಕ್ಕೇ ಇಡದ ಮೂತಿ.

ಕಾವಿಗೆ ಕೂತಿದ್ದ ನನ್ ಕರೀ ಕೋಳೀನ ಅದು ಎತ್ಕೊಂಡ್ ಹೋಯ್ತು. ಮೊಟ್ಟೆ ಎಲ್ಲ ತಣ್ಣಗಾಗಿ ಹಾಳಾದ್ವು. ಅವತ್ತಿಂದ ದಿನಾ ಬೆಳಿಗ್ಗೆ ಕೈಯಲ್ಲಿ ಕಲ್ಲಿಟ್ಕೊಂಡು ತಾರಸಿ ಮೇಲೆ ಕೂತೆ. ಒಂದೇಟಾದ್ರೂ ಹಾಕ್ಬೇಕು ಅಂತ.

ಕಲ್ಲು ಕೈಯಲ್ಲೇ ಉಳೀತು. ಆ ಮುಂಡೇದು ಬೇಟೆ ಆಡೋದು ನೋಡ್ತಾ ಕೂತ್ಬಿಡ್ತಿದ್ದೆ. ಇಲಿ ಬಿಲದ ಮುಂದೆ ಕಲ್ಲಿನ್ ಥರ ಕೂರೋದು. ಮೈಯಲ್ಲಿ ಕಿವಿ ಬಿಟ್ರೆ ಏನೂ ಅಲ್ಲಾಡ್ತಿರ್ಲಿಲ್ಲ. ಆಮೇಲೆ ಎದ್ದು ಮೇಲಕ್ಕೆ ಹಾರಿ, ಎರಡೂ ಮುಂಗಾಲು ಸೇರಿಸಿ ಇಲಿ ಮೇಲೆ ಬಿದ್ದು, ಕತ್ತಿಗೆ ಬಾಯಿ ಹಾಕೋದು. ಮೊನ್ನೆ ಮೊಮ್ಮಗಳು ಫೋನಲ್ಲಿ ಅಮೇರಿಕಾದ ಬಾಬ್‌ಕ್ಯಾಟ್ ಅನ್ನೋ ಕಾಡುಬೆಕ್ಕು ತೋರಿಸಿದ್ಳು. ಅದೂ ಹಿಂಗೇ ಕಾಯುತ್ತೆ, ಹಿಂಗೇ ಹಾರುತ್ತೆ. ಅಲ್ಲೂ ಯಾವಳೋ ಮುದುಕಿ ಕೋಳಿ ಕಳ್ಕೊಂಡು ಬೈತಿರ್ತಾಳೆ ಬಿಡಿ.

ಒಂದು ಬೆಳಿಗ್ಗೆ ವಾರಗಿತ್ತಿ ಮಚ್ಚು ಹಿಡ್ಕೊಂಡು ಬಂದ್ಳು. ಅವಳ ಹುಳ ನಾಕನೇ ಜ್ವರ, ಅಂದ್ರೆ ಪೊರೆ ಬಿಡೋ ಕೊನೇ ನಿದ್ದೆ, ಮುಗಿಸಿ ಎದ್ದು ಗಬಗಬ ಸೊಪ್ಪು ತಿನ್ನೋ ಹೊತ್ತು. ಇನ್ನೇನು ಗೂಡು ಕಟ್ಬೇಕು. ಆಗ್ಲೇ ತಟ್ಟೇಲಿ ಹುಳ ಕಮ್ಮಿ ಆಗಿದ್ವು.

"ನಿನ್ ಪಿಲ್ಲಿ ನನ್ ಹುಳ ತಿಂತಿದೆ ಅಕ್ಕ," ಅಂದ್ಳು. ಅವ್ಳು ನಂಗಲಿ ಕಡೆಯವ್ಳು, ಕೋಪ ಬಂದ್ರೆ ಬಾಯಿಗೆ ತೆಲುಗು ಬಂದು ಬೆಕ್ಕು ಪಿಲ್ಲಿ ಆಗೋಗುತ್ತೆ.

"ನನ್ ಪಿಲ್ಲಿ ಯಾವಾಗಿಂದಾನೇ? ನನ್ ಕೋಳಿ ತಿಂದಾಗ ಗೋಡೆ ಆಚೆ ನಗ್ತಿದ್ದಲ್ಲ."

"ಬಾಗಿಲಲ್ಲಿ ಹೆಜ್ಜೆ ಇದೆ, ಬಂದು ನೋಡು. ಹೊಗೆ ಹುಳಕ್ಕಾಗಲ್ಲ ಅಂತ ಪೊದೆಗೆ ಬೆಂಕಿ ಹಾಕಿಲ್ಲ. ಪೊದೆ ಪೂರ್ತಿ ಕಡೀತೀನಿ."

ಹೋದೆ. ಹುಳದ ಮನೆ ಬಾಗಿಲಿಗೆ ರೋಗ ಬರ್ದಿರ್ಲಿ ಅಂತ ಸುಣ್ಣದ ಪುಡಿ ಹಾಕಿರ್ತಾರೆ. ಅದ್ರ ಮೇಲೆ ಬೆಕ್ಕಿನ ಹೆಜ್ಜೆ ಇದ್ದಿದ್ದು ನಿಜ. ಹೊಸಲಿನ ತನಕ ಬಂದು, ಅಲ್ಲೇ ಕೂತು, ವಾಪಸ್ ಹೋಗಿತ್ತು. ಒಳಗೆ ಹೋಗಿದ್ದು ಸಣ್ಣ ಸಣ್ಣ ಹೆಜ್ಜೆ, ನಡುವೆ ಬಾಲ ಎಳ್ದಿರೋ ಗೆರೆ.

"ನಿನ್ ಪಿಲ್ಲಿಗೆ ಬಾಲ ನೆಲಕ್ಕೆ ಮುಟ್ಟುತ್ತೇನೇ?" ಅಂದೆ. "ತಿಂತಿರೋದು ಇಲಿ ಕಣೇ. ಬೆಕ್ಕು ಬಾಗಿಲಲ್ಲಿ ಇಲಿಗೆ ಕಾದಿದೆ. ಹುಳ ಇರೋ ಕಡೆ ಇಲಿಪಾಷಾಣ ಇಡೋ ಹಂಗಿಲ್ಲ. ಪೊದೆ ಕಡಿದ್ರೆ ಬೆಕ್ಕು ಹೋಗುತ್ತೆ. ಆಮೇಲೆ ಬದುವಿನ ಇಲಿ ಎಲ್ಲ ನಿನ್ ತಟ್ಟೆಗೇ. ಇಲಿ ಹಿಂದೆ ಹಾವು."

"ನೀನ್ಯಾಕೆ ಅದ್ರ ಪರ?"

"ಪರ ಏನಿಲ್ಲ. ಅದು ನನ್ ಶತ್ರು, ನಾನ್ ನೋಡ್ಕೋತೀನಿ. ಬದು ಅರ್ಧ ನಂದು. ಮಚ್ಚು ಮುಟ್ಟಿಸಿ ನೋಡು."

ಮಚ್ಚು ಹಿಡ್ಕೊಂಡೇ ವಾಪಸ್ ಹೋದ್ಳು. ಮಾತು ಬಿಟ್ಳು. ಆದ್ರೆ ಬಾಗಿಲ ಕೆಳಗಿನ ಸಂದಿಗೆ ತಗಡು ಹೊಡ್ಸಿದ್ಳು, ಪೊದೆ ಮುಟ್ಲಿಲ್ಲ. ಉಳಿದ ಹುಳ ಬಿದಿರಿನ ಚಂದ್ರಿಕೆ ತಟ್ಟಿ ಹತ್ತಿ ಗೂಡು ಕಟ್ಟಿದ್ವು. ಅಷ್ಟ್ರಲ್ಲಿ ಬೆಕ್ಕು ನಂದು ಇನ್ನೊಂದು ಕೋಳಿ ತಿಂತು.

ಗೋಡೆ ಮೇಲಿಂದ ಕೂಗ್ದೆ. "ಬೆಕ್ಕು ನಿನ್ ಗೂಡು ಕಾದಿದ್ದಕ್ಕೆ ಕೂಲಿ ಅಂತ ನನ್ ಕೋಳಿ ಹೋಯ್ತು. ಬದಲಿಗೆ ಒಂದು ಕೊಡು."

ಸಾಯಂಕಾಲ ಎಲ್ಲಿಂದಲೋ ತಂದು ಗೋಡೆ ಮೇಲಿಂದ ಒಂದು ಕೋಳಿ ಬಿಟ್ಳು. ಪುಕ್ಕ ಉದುರಿರೋ ಮುದಿ ಕೋಳಿ, ಮೊಟ್ಟೆ ಇಟ್ಟು ಯಾವ ಕಾಲ ಆಯ್ತೋ. ನಾನೂ ಬಿಡ್ಲಿಲ್ಲ, ಬೆಕ್ಕು ಇದನ್ನೇ ತಿಂದು ನನ್ ಕೋಳಿ ಬಿಡ್ಲಿ ಅಂತ ಬದುವಿನ ಪಕ್ಕಕ್ಕೇ ಕಟ್ಟಿ ಹಾಕ್ದೆ.

ಇವತ್ತಿಗೂ ಅಲ್ಲೇ ಇದೆ. ಬೆಕ್ಕು ದಿನಾ ಅದ್ರ ಮುಂದೇನೇ ನಡ್ಕೊಂಡ್ ಹೋಗುತ್ತೆ, ತಿರುಗಿ ಕೂಡ ನೋಡಲ್ಲ.