ಬಿಳಿ ಬಾವುಟದ ಭಾನುವಾರಗಳು

ಕುಳಿತಲ್ಲಿ ಕೂರಲಾರದ ಮನುಷ್ಯ ನಾನು. ನನ್ನ ಕುರ್ಚಿಗಿಂತ ಅದರ ಮುಂದಿನ ನೆಲ ಬೇಗ ಸವೆಯುತ್ತದೆ ಎಂದು ಹೊಸಪೇಟೆಯ ಕಚೇರಿಯ ಗುಮಾಸ್ತರು ಆಡಿಕೊಳ್ಳುತ್ತಿದ್ದರು. ಊಟಕ್ಕೆ ಕುಳಿತರೂ ಕಾಲು ಕುಣಿಯುತ್ತಿತ್ತು. ಸಂಡೂರು ರಸ್ತೆಯ ಗುಡ್ಡದ ಬುಡದಲ್ಲಿ, ನಮ್ಮ ರೈಫಲ್ ಕ್ಲಬ್ಬಿನ ಹಲಗೆಗೆ ಗುರಿ ಹಿಡಿದು ಮಲಗಿದಾಗ ಮಾತ್ರ ಮೈ ಸ್ತಬ್ಧವಾಗುತ್ತಿತ್ತು. ಗುಂಡು ತಾಗಿದರೆ ಹಲಗೆಯ ಕೆಳಗಿನ ಕುಣಿಯಿಂದ ಬಿಳಿ ಬಾವುಟ ಏಳುತ್ತಿತ್ತು, ತಪ್ಪಿದರೆ ಕೆಂಪು. ಬಿಳಿ ಎದ್ದ ದಿನ ನನಗೆ ಕಣ್ತುಂಬ ನಿದ್ದೆ.

ಒಂದು ವರ್ಷ ಹಳೆಯ ಸದಸ್ಯರಲ್ಲಿ ಹೆಚ್ಚಿನವರು ವರ್ಗವಾಗಿ ಹೋದರು. ಹೊಸ ಜನ ಕೂಡದಿದ್ದರೆ ಬಂದೂಕುಗಳನ್ನು ಬಳ್ಳಾರಿಗೆ ಕಳಿಸಿಬಿಡುತ್ತೇನೆ ಎಂದರು ತಹಸೀಲ್ದಾರರು. ಅಂದಿನಿಂದ ಹೊಸ ಸದಸ್ಯರನ್ನು ಹುಡುಕಿಕೊಂಡು ಕಮಲಾಪುರ, ಕಂಪ್ಲಿ ಎಂದು ಸೈಕಲ್ ತುಳಿದದ್ದೇ ತುಳಿದದ್ದು.

"ನಾವು ಲಿಂಗ ಕಟ್ಟಿದವ್ರು, ಬ್ಯಾಟಿ ನಮಗ ಬ್ಯಾಡ್ರಿ" ಎಂದರು ಅಕ್ಕಿ ಗಿರಣಿಯ ಸಾವುಕಾರರು.

"ಹಲಗಿಗೆ ಜೀವ ಐತೇನ್ರಿ? ಬರ್ರಿ" ಎಂದೆ.

ಅವರು ಬಂದರು, ಇನ್ನೂ ಕೆಲವರು ಬಂದರು. ಯಾರೂ ನಿಲ್ಲಲಿಲ್ಲ. ಸಂಡೂರಿನಿಂದ ಸ್ಟೇಷನ್ನಿಗೆ ಅದಿರು ಹೊರುವ ಎತ್ತಿನ ಗಾಡಿಗಳು ಅಲ್ಲೇ ಹಾಯುತ್ತಿದ್ದವು. ಗಾಡಿಯವರು ನಿಂತು ನೋಡುತ್ತಿದ್ದರು. ಸಾವುಕಾರರು ಹೊಡೆದ ಮೊದಲ ಗುಂಡಿಗೆ ಕೆಂಪು ಎದ್ದಿತು. ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಪೇಟೆ ಮುಟ್ಟಿತ್ತು.

"ಗಾಡಿ ಹೊಡ್ಯೋರೆಲ್ಲ ನಗೂಹಂಗ ಆತು. ಒಲ್ಲೆ ಬಿಡ್ರಿ" ಎಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇವರ ಮಾನ ಗೇಣುದ್ದದ ಕೆಂಪು ಬಟ್ಟೆಗೆ ಹೋಗಿತ್ತು. ಉಳಿದವರೂ ಒಬ್ಬೊಬ್ಬರೇ ಜಾರಿಕೊಂಡರು.

ಕುಣಿಯಲ್ಲಿ ಕುಳಿತು ಬಾವುಟ ಎತ್ತುತ್ತಿದ್ದವನು ಅದೇ ಗಿರಣಿಯಲ್ಲಿ ಚೀಲ ಹೊಲಿಯುವ ಮುದುಕ. ನನ್ನ ಚಡಪಡಿಕೆ ನೋಡಿ, "ಕೆಂಪು ಬಟ್ಟಿ ಮನ್ಯಾಗ ಇಟ್ಟು ಬರ್ತೀನ್ರಿ" ಎಂದ.

"ಹಲಗ್ಯಾಗ ತೂತು ಬ್ಯಾಡೇನು?"

ಸೊಂಟದಿಂದ ಚೀಲ ಹೊಲಿಯುವ ದಬ್ಬಳ ತೆಗೆದು ತೋರಿಸಿದ. ನನಗೆ ಸಿಟ್ಟು ಬಂತು. ಆದರೆ ಬಳ್ಳಾರಿಗೆ ಹೊರಟ ಬಂದೂಕುಗಳು ಕಣ್ಣ ಮುಂದೆ ಬಂದವು. ಹೂಂ ಎಂದೆ.

ಮುಂದಿನ ಭಾನುವಾರದಿಂದ ಎಲ್ಲರದೂ ಬಿಳಿಯೇ. ವಿಷಯ ನನಗೂ ಮುದುಕನಿಗೂ ಮಾತ್ರ ಗೊತ್ತು. ಸಾವುಕಾರರನ್ನು ಕಾಡಿ ಬೇಡಿ ಕರೆತಂದೆ. ಆಮೇಲೆ ಅವರೇ ಅಳಿಯನನ್ನೂ ಕರೆತಂದರು. ಗಾಡಿಯವರು ಬಾಯಿ ಮುಚ್ಚಿಕೊಂಡರು. ತಹಸೀಲ್ದಾರರು ನೋಡಲು ಬಂದವರು ತಾವೂ ಮಲಗಿ ಹೊಡೆದರು, ಅವರದೂ ಬಿಳಿ. ಬಂದೂಕುಗಳು ನಮ್ಮಲ್ಲೇ ಉಳಿದವು.

ಇದರಲ್ಲಿ ಕೆಟ್ಟುಹೋದವನು ನಾನು. ಗುರಿ ಹಿಡಿಯುತ್ತೇನೆ, ಹೊಡೆಯುತ್ತೇನೆ, ಬಿಳಿ ಏಳುತ್ತದೆ. ತಾಗಿತೋ ಇಲ್ಲವೋ? ಓಡಿಹೋಗಿ ನೋಡಿದರೆ ಹಲಗೆಗೆ ಅಂಟಿಸಿದ ಕಾಗದದ ಕರಿ ಬೊಟ್ಟಿನ ನಡುವೆ ತೂತು ಇದ್ದೇ ಇರುತ್ತದೆ. ಅದು ಗುಂಡಿನದೋ ದಬ್ಬಳದ್ದೋ, ಬೆರಳಿಟ್ಟು ನೋಡಿದರೂ ತಿಳಿಯದು. ಮನೆಗೆ ಬಂದು ಪಡಸಾಲೆಯಲ್ಲಿ ಅತ್ತಿಂದಿತ್ತ ಅಲೆಯುತ್ತಿದ್ದೆ. ಹೆಂಡತಿ ಹಾಸಿಗೆ ಸುತ್ತಿಕೊಂಡು ಒಳಕೋಣೆಗೆ ಹೋದಳು.

ತಡೆಯಲಾರದೆ ಒಂದು ಭಾನುವಾರ, ಎಲ್ಲರೂ ಹೋದ ಮೇಲೆ ಮುದುಕನನ್ನು ಬೇವಿನ ಗಿಡದ ಮರೆಗೆ ಕರೆದೆ. "ಯಜ್ಜ, ನಂದೊಂದು ಖರೇ ಹೇಳು. ಇವತ್ತು ಬಡೀತೋ ಇಲ್ಲೋ?"

"ನಟ್ಟ ನಡುವ ಬಡೀತ್ರಿ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಮುದುಕ ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡ. "ಸಾವ್ಕಾರ್ರೂ ಹಿಂಗ ಮರಿಗೆ ಕರದು ಕೇಳಿದ್ರು. ತಹಸೀಲ್ದಾರ್ರೂ ಕೇಳಿದ್ರು" ಎಂದ. "ಅವರಿಗೂ ಇದನ್ನ ಹೇಳೀನ್ರಿ."