ತಕರಾರು ಇಲ್ಲದ ಓಣಿ

ನಾನು ಮತ್ತೆ ಕಾಲೇಜಿಗೆ ಹೆಸರು ಹಚ್ಚಿದ ಸುದ್ದಿಯನ್ನು ಮೊದಲು ಹೇಳಿದ್ದು ಕುಪವಾಡದ ಮಾವಶಿಗೆ. ಅವಳು ನನ್ನ ಅವ್ವನ ತಂಗಿ. ಅಲ್ಲಿಯ ಒಂದು ಸಣ್ಣ ಕಾರಖಾನೆಯಲ್ಲಿ ನಟ್ಟು ಬೋಲ್ಟುಗಳನ್ನು ಆರಿಸಿ ಡಬ್ಬಿಗೆ ತುಂಬುವ ಕೆಲಸ ಅವಳದು.

"ಏನ್ ಕಲಿಯಾಕ ಹೊಂಟೀಯವಾ?" ಎಂದಳು.

"ಸಾರ್ವಜನಿಕ ನೀತಿ ಮತ್ತ ಆಡಳಿತ, ಮಾವಶಿ. ಎಂ.ಎ."

"ನೀತಿ ಕಲಿಯಾಕ? ಈ ವಯಸ್ಸಿನ್ಯಾಗ?" ಎಂದವಳೇ ನನ್ನ ಗಂಡನ ಕಡೆ ತಿರುಗಿದಳು. "ಏನ್ರಿ ಅಳಿಯಂದ್ರ, ಇಷ್ಟ ವರ್ಷ ಇಕಿ ನೀತಿ ಇಲ್ದನ ಸಂಸಾರ ಮಾಡ್ಯಾಳೇನ್ರಿ?"

ಗಂಡನಿಗೆ ಚಹಾ ನೆತ್ತಿಗೇರಿತು. ನಾನು ಮಾವಶಿಗೆ ಬಿಡಿಸಿ ಹೇಳಿದೆ: ನಳಕ್ಕೆ ನೀರು ಯಾವಾಗ ಬಿಡಬೇಕು, ಕಸದ ಗಾಡಿ ಎಲ್ಲಿಯವರೆಗೆ ಬರಬೇಕು, ಇದನ್ನೆಲ್ಲ ಯಾರು, ಹೇಗೆ ಗೊತ್ತು ಮಾಡುತ್ತಾರೆ ಅನ್ನುವುದರ ಅಭ್ಯಾಸ ಅದು. ಅವಳು ಪೂರ್ತಿ ಕೇಳಿ, "ಇದಕ್ಕ ಎರಡ ವರ್ಷ ಬೇಕೇನ? ನನ್ನ ಕೇಳಿದ್ರ ಒಂದ ಸಂಜಿಯೊಳಗ ಹೇಳ್ತಿದ್ನಿ" ಎಂದು ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು.

ನಾನು ಮಿರಜದ ಒಂದು ಆಸ್ಪತ್ರೆಯ ನೋಂದಣಿ ಕಿಟಕಿಯಲ್ಲಿ ಕೂಡುತ್ತೇನೆ. ಅಥಣಿ, ಜಮಖಂಡಿ, ವಿಜಾಪುರದ ಕಡೆಯಿಂದ ಬೆಳಗಿನ ಗಾಡಿಗೆ ಬಂದಿಳಿದ ರೋಗಿಗಳು ಕೈಯಲ್ಲಿ ಕೇಸ್ ಪೇಪರ್ ಹಿಡಿದು ಅತ್ತಿತ್ತ ನೋಡುತ್ತ ನಿಂತಿರುತ್ತಾರೆ. "ಯಜ್ಜಾ, ಇಲ್ಲಿ ಬರ್ರಿ, ಇಲ್ಲಿ ಕುಂದ್ರಿ" ಎಂದು ಕಿಟಕಿಯಿಂದಲೇ ಕೂಗಿದೆನೆಂದರೆ ಅವರ ಮುಖ ಸಡಿಲಾಗುವುದನ್ನು ನೋಡಬೇಕು. ನಾನು ಶಾಲೆ ಕಲಿತದ್ದೆಲ್ಲ ಮರಾಠಿಯಲ್ಲಿ. ಕನ್ನಡ ಬಂದದ್ದು ಅಜ್ಜ ಅಜ್ಜಿಯ ಬಾಯಿಂದ. ಅಕ್ಷರಗಳನ್ನು ಕೂಡ ಅಜ್ಜನೇ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಬರೆದು ತಿದ್ದಿಸಿದ. ಹೀಗಾಗಿ ನನ್ನ ಕನ್ನಡದ ಮೇಲೆ ನನಗೆ ಸ್ವಲ್ಪ ಹೆಚ್ಚೇ ಭರವಸೆ. ಆ ಭರವಸೆಯೇ ಒಂದು ಸಲ ನನ್ನನ್ನು ಚೆನ್ನಾಗಿ ಕೆಡವಿತು.

ತರಗತಿಗಳು ಸಾಂಗ್ಲಿಯಲ್ಲಿ, ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಇಡೀ ದಿನ. ಮಿರಜದಿಂದ ಶೇರ್ ರಿಕ್ಷಾದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಹೋಗುವಾಗ ನಾನು ಪಾಠದ ಹಾಳೆಗಳನ್ನು ಓದುತ್ತಿದ್ದೆ. ಪಕ್ಕದಲ್ಲಿ ಕೂತವರೂ ಬಗ್ಗಿ ಓದುತ್ತಿದ್ದರು. ಎರಡನೆಯ ವರ್ಷ ಪ್ರಬಂಧದ ಸರದಿ ಬಂತು. ಜನರ ಅಹವಾಲು ಕಚೇರಿಯವರೆಗೆ ಮುಟ್ಟುತ್ತದೋ ಇಲ್ಲವೋ ಅನ್ನುವುದು ನಮ್ಮ ಗುಂಪಿನ ವಿಷಯ. ನಮ್ಮ ಮಾರ್ಗದರ್ಶಕರು ಸರಕಾರಿ ನೌಕರಿಯಿಂದ ನಿವೃತ್ತರಾಗಿ ಕಲಿಸಲು ಬಂದವರು, ಮಾತು ಕಡಿಮೆ. ಅವರು ಮರಾಠಿಯಲ್ಲಿ ಒಂದು ಪ್ರಶ್ನಾವಳಿ ಮಾಡಿಕೊಟ್ಟು, ಒಬ್ಬೊಬ್ಬರು ಒಂದೊಂದು ಬಡಾವಣೆ ಆರಿಸಿಕೊಳ್ಳಿ ಎಂದರು. ನಾನು ಮಾವಶಿಯ ಓಣಿಯನ್ನು ಹೇಳಿದೆ. ಅಲ್ಲಿ ಬಹುಪಾಲು ಮನೆಗಳು ನಮ್ಮ ಕನ್ನಡದವರವೇ, ಅಥಣಿ ಜಮಖಂಡಿಯ ಕಡೆಯಿಂದ ಗಡಿ ದಾಟಿ ದುಡಿಯಲು ಬಂದು ನಿಂತವರವು.

"ಅಲ್ಲಿ ಭಾಷೆಯ ಪ್ರಶ್ನೆ ಬರುತ್ತದಲ್ಲ?" ಎಂದು ಸರ್ ಮರಾಠಿಯಲ್ಲಿ ಕೇಳಿದರು.

"ನಾನು ಹೋದರೆ ಬರೋದಿಲ್ಲ ಸರ್" ಎಂದೆ.

ಪ್ರಶ್ನೆಗಳನ್ನು ನಾನೇ ಕೂತು ಕನ್ನಡಕ್ಕೆ ಮಾಡಿದೆ. ಅವುಗಳಲ್ಲಿ ಮುಖ್ಯವಾದದ್ದು ಇದು: ನೀರಿನ ಬಗ್ಗೆ ನಿಮ್ಮದೇನಾದರೂ 'ತಕ್ರಾರ' ಇದೆಯೇ? ಮರಾಠಿಯಲ್ಲಿ ತಕ್ರಾರ ಅಂದರೆ ದೂರು. ಕನ್ನಡದಲ್ಲೂ ಆ ಶಬ್ದ ಇದೆಯಲ್ಲ, ಬೇರೆ ಯಾಕೆ ಹುಡುಕಲಿ ಎಂದು 'ತಕರಾರು' ಎಂದು ಬರೆದು ಮುಂದೆ ಹೋದೆ. ಪೆನ್ನು ಒಂದು ಗಳಿಗೆ ಕೂಡ ನಿಲ್ಲಲಿಲ್ಲ.

ಓಣಿಯ ಸಮೀಕ್ಷೆ ಎರಡು ಭಾನುವಾರದ ಸಂಜೆಗಳಲ್ಲಿ ಮುಗಿಯಿತು. ಹೋದಲ್ಲೆಲ್ಲ ಚಾಪೆ ಹಾಸಿದರು, ಚುರುಮುರಿ ಕೊಟ್ಟರು. ನನ್ನ ಪ್ರಶ್ನೆ ಬಂದ ಕೂಡಲೇ ಒಬ್ಬೊಬ್ಬರೂ ಸೆರಗು ಸರಿಮಾಡಿಕೊಂಡು, "ಇಲ್ರಿಯವಾ, ನಮ್ದೇನ್ ತಕರಾರ ಇಲ್ರಿ" ಎಂದರು. ಮಾವಶಿಯನ್ನು ಕೇಳಿದಾಗ ಅವಳು ಸ್ವಲ್ಪ ಬಿರುಸಾಗಿಯೇ, "ನಮ್ಮ ಓಣ್ಯಾಗ ಅಂಥಾದ್ದೇನಿಲ್ಲ. ಬರ್ಕೊ" ಎಂದಳು. ನಾನು ಬರೆದುಕೊಂಡೆ.

ಕಾಲೇಜಿನಲ್ಲಿ ಎಲ್ಲರೂ ತಮ್ಮ ತಮ್ಮ ಫಲಿತಾಂಶ ಮಂಡಿಸಿದ ದಿನ ನೀರು ಸರಬರಾಜಿನ ಕಚೇರಿಯಿಂದ ಒಬ್ಬ ಇಂಜಿನಿಯರರು ಅತಿಥಿಯಾಗಿ ಬಂದಿದ್ದರು. ಉಳಿದವರ ಬಡಾವಣೆಗಳಲ್ಲಿ ದೂರುಗಳೋ ದೂರುಗಳು. ನನ್ನ ಓಣಿಯಲ್ಲಿ ಒಂದೂ ಇಲ್ಲ. "ನಿಮ್ಮ ಜನ ದೇವರಂಥವರು ಬಿಡಿ" ಎಂದು ಇಂಜಿನಿಯರರು ನಕ್ಕರು. ಹೋಗುವಾಗ ಎಲ್ಲರ ಪಟ್ಟಿಗಳ ಪ್ರತಿ ಕೇಳಿ ಪಡೆದರು. ಕೆಲವು ಓಣಿಗಳ ನೀರಿನ ವೇಳೆ ಬದಲಿಸುವುದಿದೆ, ಎಲ್ಲಿ ದೂರು ಹೆಚ್ಚೋ ಅಲ್ಲಿ ಮೊದಲು, ಎಲ್ಲಿ ಇಲ್ಲವೋ ಅಲ್ಲಿ ಇದ್ದದ್ದೇ ಇರಲಿ ಎಂದರು. ನಾನೂ ನನ್ನ ಪಟ್ಟಿಯನ್ನು ನಗುನಗುತ್ತ ಕೊಟ್ಟೆ.

ಮುಂದಿನ ವಾರ ಬುಧವಾರ ನನಗೆ ರಜೆ ಇತ್ತು. ಮಾವಶಿಯ ಸಕ್ಕರೆ ಕಾಯಿಲೆಯ ರಿಪೋರ್ಟು ನಮ್ಮ ಆಸ್ಪತ್ರೆಯಲ್ಲೇ ಉಳಿದಿತ್ತು. ಅವಳ ಮನೆಯ ಕಿಟಕಿಯಲ್ಲಿ ಇಟ್ಟು ಬಂದರಾಯಿತು, ಅವಳಂತೂ ಕೆಲಸಕ್ಕೆ ಹೋಗಿರುತ್ತಾಳೆ ಎಂದುಕೊಂಡು ಹನ್ನೊಂದರ ಸುಮಾರಿಗೆ ಕುಪವಾಡಕ್ಕೆ ಹೋದೆ. ಓಣಿಯ ಬಾಗಿಲುಗಳಿಗೆಲ್ಲ ಕೀಲಿ. ಪ್ರತಿ ಹೊಸ್ತಿಲ ಮುಂದೆ ಕೊಡ, ಬಕೀಟು, ಮುಚ್ಚಳವಿಲ್ಲದ ಎಣ್ಣೆಯ ಡಬ್ಬ ಸಾಲಾಗಿ ಕೂತಿದ್ದವು. ಓಣಿಯ ನಡುವೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಉದ್ದ ಪೈಪು ಹಿಡಿದು ಒಬ್ಬಳೇ ಒಬ್ಬಳು ಓಡಾಡುತ್ತಿದ್ದಳು. ಮಾವಶಿ!

"ಕೆಲಸಕ್ಕ ಹೋಗಿಲ್ಲೇನ? ಆರಾಮಿಲ್ಲೇನ?" ಎಂದೆ.

"ಆರಾಮದೇನಿ. ಇವತ್ತ ನನ್ನ ಪಾಳಿ. ಸರಿ ಅತ್ತಾಗ, ಸೀರಿ ತೊಯ್ಯತೈತಿ."

"ಯಾವ ಪಾಳಿ?"

"ನೀರಿಂದ. ನೀರ ಬರೂದು ಹನ್ನೊಂದಕ್ಕ. ಎಲ್ಲಾರೂ ಎಂಟಕ್ಕ ಕೆಲಸಕ್ಕ ಹೋಗ್ತಾರ. ದಿನಾ ಒಬ್ಬಾಕಿ ಕೆಲಸ ಬಿಟ್ಟ ಎಲ್ಲಾರ ಕೊಡಾ ತುಂಬಬೇಕು. ಇವತ್ತ ನಾ, ನಾಳಿ ಬಾಜೂದಾಕಿ."

ನನ್ನ ಕೈಯಲ್ಲಿದ್ದ ರಿಪೋರ್ಟಿನ ಲಕೋಟೆಗೆ ಪೈಪಿನ ನೀರು ಸಿಡಿಯಿತು. "ಮಾವಶಿ, ನಾನು ನೀರಿನ ಬಗ್ಗೆ ಕೇಳಾಕ ಬಂದಾಗ ತಕರಾರ ಇಲ್ಲ ಅಂದಿ!"

"ಇಲ್ಲಲಾ ಮತ್ತ? ಒಂದ ದಿನಾ ಆದ್ರೂ ಜಗಳ ಆಗಿಲ್ಲ. ಯಾರ್ ಪಾಳಿ ಯಾರೂ ತಪ್ಸಿಲ್ಲ. ಬಾಜೂಕಿನ ಓಣ್ಯಾಗ ನೋಡ ಹೋಗ, ಜುಟ್ಟಾ ಹಿಡ್ಕೊಂಡ ಬಡದಾಡ್ತಾರ."

ಆಗ ನನ್ನ ತಲೆಯೊಳಗೆ ಬಲ್ಬು ಹತ್ತಿತು, ಅದೂ ಸಿಟ್ಟಿನ ಬಲ್ಬು. ಅಜ್ಜಿಯ ಬಾಯಲ್ಲಿ ತಕರಾರು ಅಂದರೆ ಯಾವಾಗಲೂ ಜಗಳವೇ: ಅಣ್ಣತಮ್ಮಂದಿರ ನಡುವಿನ ಬದುವಿನ ತಕರಾರು, ಬೀಗರ ತಕರಾರು. ನಾನು ಓಣಿಯ ಹೆಂಗಸರ ಮುಂದೆ ಹೋಗಿ, ನೀವು ನೀರಿಗಾಗಿ ಜಗಳ ಆಡುತ್ತೀರಾ ಎಂದು ಕೇಳಿ ಬಂದಿದ್ದೆ! ಸೆರಗು ಸರಿಮಾಡಿಕೊಂಡು ಅವರು ಮರ್ಯಾದೆಯಿಂದ ಇಲ್ಲ ಎಂದಿದ್ದರು.

"ನಾ ಕೇಳಿದ್ದು ಮರಾಠಿ ತಕ್ರಾರ, ಮಾವಶಿ. ನಿನಗ ಮರಾಠಿ ಬರೂದಿಲ್ಲೇನ?"

"ಯಾಕ ಬರೂದಿಲ್ಲ? ಮರಾಠಿಯೊಳಗ ಕೇಳಿದ್ರ ಮರಾಠಿ ಅರ್ಥಾ ತಗೋತಿದ್ನಿ. ಕನ್ನಡದಾಗ ಕೇಳಿದಿ, ಕನ್ನಡ ಅರ್ಥಾ ತಗೊಂಡ್ನಿ. ನೀತಿ ಕಲಿಯಾಕತ್ತಾಕಿ ನೀನು, ಬೈಸ್ಕೊಳ್ಳಾಕಿ ನಾನೇನ?"

ನಾನು ಪೈಪಿನ ಇನ್ನೊಂದು ತುದಿ ಹಿಡಿದೆ. ಕೊಡಗಳು ತುಂಬುವವರೆಗೆ ಇಬ್ಬರೂ ಹೊಸ್ತಿಲಿಂದ ಹೊಸ್ತಿಲಿಗೆ ಓಡಾಡಿದೆವು. ನನ್ನ ಪಟ್ಟಿ ಕಚೇರಿ ಸೇರಿಯಾಗಿತ್ತು. ಅದರ ಪ್ರಕಾರ ಈ ಓಣಿಗೆ ಹನ್ನೊಂದರ ನೀರೇ ಖಾಯಂ ಆಗುತ್ತಿತ್ತು. ಅಷ್ಟು ಹೆಂಗಸರ ದುಡಿಮೆಯ ದಿನಗಳು ಒಂದೊಂದಾಗಿ ಹೋಗುತ್ತಲೇ ಇರುತ್ತಿದ್ದವು, ನನ್ನ ಸಹಿಯ ಮೇಲೆ.

ಸರ್‌ಗೆ ಎಲ್ಲವನ್ನೂ ಹೇಳಿದೆ. ಪ್ರಬಂಧ ಒಪ್ಪಿಸಲು ಉಳಿದದ್ದು ಹತ್ತು ದಿನ. ಅವರು ಕನ್ನಡಕ ತೆಗೆದು ಒರೆಸಿ, "ಈ ಒಂದು ಪ್ರಶ್ನೆಯನ್ನೇ ತೆಗೆದುಹಾಕಿದರೆ ಪ್ರಬಂಧ ಪಾಸಾಗುತ್ತದೆ" ಎಂದರು. ಹಾಗೆ ಮಾಡು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

"ಪ್ರಬಂಧ ಪಾಸಾಗತೈತಿ ಸರ್, ಓಣಿ ನಪಾಸಾಗತೈತಿ" ಎಂದೆ. ಗಡಿಬಿಡಿಯಲ್ಲಿ ಕನ್ನಡದಲ್ಲೇ ಹೇಳಿದ್ದೆ. ಅವರಿಗೆ ತಿಳಿಯಿತೆಂದು ಕಾಣುತ್ತದೆ, "ಹತ್ತು ದಿನ ಅಂದರೆ ಹತ್ತೇ ದಿನ" ಎಂದರು.

ಆಸ್ಪತ್ರೆಯ ಪಾಳಿ ಮುಗಿದ ಮೇಲೆ ದಿನಾ ಸಂಜೆ ಕುಪವಾಡಕ್ಕೆ ಹೋದೆ. ಈ ಸಲ ಪ್ರಶ್ನೆಯನ್ನು ಬರೆಯಲಿಲ್ಲ, ಕಿಟಕಿಯಲ್ಲಿ ಕೂತು ರೋಗಿಗಳನ್ನು ಕೇಳುವ ಹಾಗೆಯೇ ಕೇಳಿದೆ: "ನೀರಿಂದ ಏನ್ ತ್ರಾಸ ಐತ್ರಿ?" ಸಾಕಾಯಿತು ಅಷ್ಟು! ತ್ರಾಸ ಅನ್ನುವ ಶಬ್ದ ಕೇಳಿದ್ದೇ ತಡ, ಮೊದಲ ಮನೆಯಾಕಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಒಂದ ಏನ್ರಿ ಬಾಯಾರ? ಕುಂದ್ರಿ, ಹೇಳ್ತೇನಿ." ಪಾಳಿಯ ದಿನ ಬೆನ್ನು ಹಿಡಿದುಕೊಳ್ಳುವುದು, ಕಾರಖಾನೆಯ ಮೇಲ್ವಿಚಾರಕ ಮುಕಾದಮ ಬೈಯುವುದು, ಪಾಳಿ ತಪ್ಪಬಾರದೆಂದು ತವರಿನ ಮದುವೆಯನ್ನೇ ತಪ್ಪಿಸಿಕೊಂಡದ್ದು ಎಲ್ಲ ಹೊರಬಿತ್ತು. ಒಂದು ಮನೆಯ ಮಾತಿನ ನಡುವೆ ಎದುರುಮನೆಯಾಕಿ ಬಾಗಿಲಿನಿಂದಲೇ ತನ್ನದನ್ನು ಸೇರಿಸುತ್ತಿದ್ದಳು. ನನ್ನ ಹಾಳೆಗಳು ತೀರಿ, ಅವರ ಮಕ್ಕಳ ನೋಟುಬುಕ್ಕಿನಿಂದ ಹರಿದುಕೊಂಡು ಬರೆದೆ.

ಹೊಸ ಪಟ್ಟಿ ಹಿಡಿದು ಇಂಜಿನಿಯರರ ಕಚೇರಿಗೆ ಹೋದೆ. ಅವರು ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿ, "ಮ್ಯಾಡಂ, ಹದಿನೈದು ದಿನದಲ್ಲಿ ದೇವರಂಥವರು ಹೀಗಾದರೆ? ಯಾವುದನ್ನು ನಂಬಲಿ?" ಎಂದು ಕೇಳಿದರು. ಕೇಳಿದ್ದು ನ್ಯಾಯವೇ.

"ಎರಡನ್ನೂ ನಂಬಬೇಡಿ ಸಾಹೇಬರೆ" ಎಂದೆ. "ಮೊದಲನೆಯದು ನನ್ನ ತಪ್ಪು. ನಾಳೆ ಹನ್ನೊಂದಕ್ಕೆ ಓಣಿಗೆ ಬನ್ನಿ. ಯಾರನ್ನೂ ಏನೂ ಕೇಳಬೇಡಿ, ನೋಡಿ ಅಷ್ಟೇ."

ಬರುತ್ತಾರೋ ಇಲ್ಲವೋ ಎಂದು ನಾನು ಆಸ್ಪತ್ರೆಯಲ್ಲಿ ಅರ್ಧ ದಿನದ ರಜೆ ಬರೆದು ಕೊಟ್ಟು ಓಣಿಯ ತಲೆಗೆ ನಿಂತಿದ್ದೆ. ಬಂದರು, ಮೋಟರ್‌ಸೈಕಲ್ಲಿನ ಮೇಲೆ. ಕೀಲಿ ಹಾಕಿದ ಬಾಗಿಲುಗಳನ್ನು ನೋಡಿದರು, ಕೊಡಗಳ ಸಾಲು ನೋಡಿದರು. ಅಂದು ಪಾಳಿಯಲ್ಲಿದ್ದವಳು ಮಾವಶಿಯ ಪಕ್ಕದ ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಅವಳು ಸಾಹೇಬರನ್ನು ಗಮನಿಸಲೇ ಇಲ್ಲ. ಒಂದು ಹೊಸ್ತಿಲ ಕೊಡ ತುಂಬಿದ ಕೂಡಲೇ ಪೈಪನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಮುಂದಿನದಕ್ಕೆ ಓಡುತ್ತಿದ್ದಳು. ಒಂದು ಹನಿ ನೀರೂ ಕೆಳಗೆ ಬೀಳುತ್ತಿರಲಿಲ್ಲ. ಇಂಜಿನಿಯರರು ಗಡಿಯಾರ ನೋಡಿಕೊಂಡರು. ನೀರು ನಿಲ್ಲುವವರೆಗೂ ನಿಂತರು.

"ಈ ವ್ಯವಸ್ಥೆ ಯಾರು ಮಾಡಿದರು?" ಎಂದು ನನ್ನನ್ನು ಕೇಳಿದರು.

"ಅವರೇ ಮಾಡಿಕೊಂಡದ್ದು" ಎಂದೆ.

"ನಮಗೆ ಯಾಕೆ ಹೇಳಲಿಲ್ಲ?"

"ಕೇಳಿದವಳಿಗೆ ಕೇಳಲು ಬರಲಿಲ್ಲ ಸಾಹೇಬರೆ."

ಅವರು ನಕ್ಕು ಗಾಡಿ ಹತ್ತಿದರು. ಪ್ರಬಂಧದಲ್ಲಿ ನಾನು ಎರಡೂ ಪಟ್ಟಿಗಳನ್ನು ಹಾಕಿದೆ, ನನ್ನ ತಪ್ಪಿಗೇ ಒಂದು ಅಧ್ಯಾಯ ಕೊಟ್ಟೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಅರ್ಧ ಗಂಟೆ ಆ ಅಧ್ಯಾಯವನ್ನೇ ಕೆದಕಿದರು. ನಾನು ಹೆದರಲಿಲ್ಲ. ನನಗೆ ಗೊತ್ತಿದ್ದ ವಿಷಯ ಅದು. ಪಾಸಾದೆ.

ಆದರೆ ನಾನು ಕಾಯುತ್ತಿದ್ದದ್ದು ಆ ಫಲಿತಾಂಶವನ್ನಲ್ಲ. ಹೋಳಿ ಹುಣ್ಣಿಮೆ ಮುಗಿದು ಸ್ವಲ್ಪ ದಿನಕ್ಕೆ ಮಾವಶಿಯ ಫೋನು ಬಂತು: "ನಾಳಿಯಿಂದ ಮುಂಜಾನೆ ಆರಕ್ಕ ನೀರ ಬಿಡ್ತಾರಂತ. ಬಂದ ನೋಡ್ತಿಯೇನ?" ಮರುದಿನ ಮೊದಲ ರಿಕ್ಷಾ ಹಿಡಿದು ಹೋದೆ. ಓಣಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಎಲ್ಲ ಬಾಗಿಲುಗಳೂ ತೆರೆದಿದ್ದವು. ಪ್ರತಿಯೊಬ್ಬರೂ ತಮ್ಮ ತಮ್ಮ ಕೊಡ ತಾವೇ ತುಂಬುತ್ತ, "ಏ, ನಿನ್ನ ಕೊಡಾ ಸರಿಸ ಅತ್ತಾಗ" ಎಂದು ಒದರಾಡುತ್ತಿದ್ದರು. ಏಳೂವರೆಗೆ ನೀರು ನಿಂತಿತು. ಎಂಟರ ಹೊತ್ತಿಗೆ ಹೆಂಗಸರೆಲ್ಲ ಊಟದ ಡಬ್ಬಿ ಹಿಡಿದು ಕಾರಖಾನೆಗಳ ಕಡೆ ಹೊರಟರು.

ಪಕ್ಕದ ಮನೆಯ ಸೊಸೆ ಮಾತ್ರ ಹೊಸ್ತಿಲ ಮೇಲೆ ಕೂತೇ ಇದ್ದಳು. ಆ ದಿನ ಅವಳ ಪಾಳಿ ಇತ್ತಂತೆ. ಕೆಲಸಕ್ಕೆ ಬರುವುದಿಲ್ಲ ಎಂದು ಹಿಂದಿನ ದಿನವೇ ಹೇಳಿ ಬಂದಿದ್ದಳು.

"ಇನ್ನ ಯಾವ ಪಾಳಿ ನಿಂದು?" ಎಂದು ಮಾವಶಿ ನಡುರಸ್ತೆಯಿಂದಲೇ ಕೂಗಿದಳು. "ಬಂದೇನಂತ ಹೇಳಿದ್ರ ಮುಕಾದಮ ಹೊರಗ ಹಾಕ್ತಾನೇನ? ಏಳ, ರೊಟ್ಟಿ ಕಟ್ಟ!"

ಅವಳು ಒಳಗೆ ಓಡಿ, ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು, ಬಾಗಿಲಿಗೆ ಕೀಲಿ ಹಾಕಿ, ಚಪ್ಪಲಿ ಸರಿಯಾಗಿ ಮೆಟ್ಟದೆಯೇ ಅವರ ಹಿಂದೆ ಓಡಿದಳು.